ಬೀಗರ ಜತೆ ಬಾಡದಿಂದ ಗೋಕರ್ಣಕ್ಕೆ

ಗೋಕರ್ಣದ ಕಡಲಂಚಿನ ನಡಿಗೆ ಎಂದರೆ ಐದು ಬೀಚುಗಳ ಹೆಸರು ಒಪ್ಪಿಸುವುದು ರೂಢಿಯಾಗಿಬಿಟ್ಟಿದೆ: ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಊರ ಮುಂದಿನ ದೊಡ್ಡ ಬೀಚು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದವರು ಮಧ್ಯಾಹ್ನದೊಳಗೆ ಇವಿಷ್ಟನ್ನೂ ಮುಗಿಸಿ, ಸಂಜೆ ಮರಳುವ ಬಸ್ಸು ಹಿಡಿಯುತ್ತಾರೆ. ಇದೇ ದಾರಿಯನ್ನು ಅಘನಾಶಿನಿ ನದಿಯ ಈಚೆ, ಕುಮಟಾ ಬದಿಯ ಬಾಡದಿಂದ ಹಿಡಿದರೆ ಕಥೆ ಬೇರೆ. ಆಗ ನಡುವೆ ಒಂದು ಹೊಳೆ ಅಡ್ಡ ಬರುತ್ತದೆ. ಹೊಳೆಯ ಬೆನ್ನಿಗೆ ಘಟ್ಟವೂ ಬರುತ್ತದೆ. ಪಡುವಣಕ್ಕೇ ಮುಖಮಾಡಿ ನಿಂತಂತೆ ಕಾಣುವ ಈ ದಂಡೆ ಬದುಕಿದ್ದು ಮೂಡಣದ ನಂಟಿನಿಂದ ಎನ್ನುವುದು ನಡೆಯುತ್ತ ನಡೆಯುತ್ತ ತಿಳಿಯುತ್ತದೆ.

ಆ ನಂಟು ನನಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ನಮ್ಮ ಬೀಗರು ಜತೆಗಿದ್ದ ದಿನ. ಮಗಳ ಮಾವ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನವರು, ಎರೆಹೊಲದಲ್ಲಿ ಹತ್ತಿ ಬೆಳೆದವರು. ಗೋಕರ್ಣ ಅವರಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಯವರಂತೆ ಅವರೂ ಶಿವರಾತ್ರಿಗೆ ಬಂದು, ಸಮುದ್ರಸ್ನಾನ ಮಾಡಿ, ಮಹಾಬಲೇಶ್ವರನಿಗೆ ಕೈಮುಗಿದು ಹೋದವರೇ. ಆದರೆ ಕಡಲ ಬದಿಗೆ ದಿನವಿಡೀ ನಡೆಯುವುದು ಎಂದಾಗ ಅವರ ಮನೆಯವರೆಲ್ಲ ಹುಬ್ಬೇರಿಸಿದರು. ಬೀಗರದ್ದು ಒಂದೇ ಮಾತು: “ಎರಿಮಣ್ಣಾಗ ನಡದ ಕಾಲ್ರಿ ಇವು, ಉಸುಕಿನ್ಯಾಗ ಯಾಕ ನಡಿಯಂಗಿಲ್ಲ?”

ಪಂಚಾಂಗ ನೋಡಿ ಹೊರಡಿ

ದಿನ ಗೊತ್ತು ಮಾಡಲು ನಾನು ಪಂಚಾಂಗ ತೆರೆದದ್ದು ಕಂಡು ಬೀಗರಿಗೆ ನಗು. ಒಳ್ಳೆಯ ಗಳಿಗೆ ಹುಡುಕುತ್ತಿದ್ದೇನೆ ಎಂದುಕೊಂಡರು. ನನಗೆ ಬೇಕಿದ್ದದ್ದು ತಿಥಿ. ಹುಣ್ಣಿಮೆ, ಅಮಾವಾಸ್ಯೆಗಳಂದು ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಿದ್ದು ಭರತ ಜೋರು. ಈ ದಂಡೆಯಲ್ಲಿ ಆ ದಿನಗಳಂದು ನಡುಹಗಲ ಆಸುಪಾಸಿಗೆ ನೀರು ತುಂಬಿರುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತ, ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗಿಬಿಡುತ್ತದೆ: ನಡುಹಗಲಿಗೆ ಇಳಿತ. ಅಂದು ಸೆಳೆತವೂ ಸೌಮ್ಯ. ಬಂಡೆಗಳ ಬುಡದಲ್ಲಿ ಹಾಯಬೇಕಾದವರಿಗೆ ಅಷ್ಟಮಿ ನವಮಿಗಳೇ ಮೇಲು. ಮೀನುಗಾರರು ಈ ಲೆಕ್ಕವನ್ನು ಬಾಯಿಯಲ್ಲೇ ಇಟ್ಟುಕೊಂಡಿರುತ್ತಾರೆ. ನಮ್ಮಂಥವರಿಗೆ ಗೋಡೆಯ ಕ್ಯಾಲೆಂಡರ್ ಸಾಕು.

ಬೆಳಕು ಹರಿಯುವ ಹೊತ್ತಿಗೆ ಬಾಡದ ದಂಡೆಯಲ್ಲಿದ್ದೆವು. ದೋಣಿಗಳು ಆಗಲೇ ಮರಳಿದ್ದವು. ಬಲೆಯ ಸುತ್ತ ಕೂತವರು ಒಂದೊಂದೇ ಬಂಗಡೆ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಅಲೆ ಈಗಷ್ಟೇ ತೊಳೆದು ಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲೇ ನಡೆಯಬೇಕು. ಮೇಲಿನ ಒಣಮರಳಿನಲ್ಲಿ ಹೆಜ್ಜೆ ಹೂತು ಅರ್ಧ ಗಂಟೆಯಲ್ಲಿ ಮೀನಖಂಡ ನೋಯತೊಡಗುತ್ತದೆ. ಬೀಗರು ಇದನ್ನು ಹೇಳಿಸಿಕೊಳ್ಳದೆಯೇ ಕಂಡುಕೊಂಡರು.

ಅವರ ಕಣ್ಣು ಹೋದದ್ದು ಕಡಲಿಗಿಂತ ಹೆಚ್ಚಾಗಿ ದಂಡೆಯ ಮೇಲಿನ ಹಸಿರಿಗೆ. ನೇರಳೆ ಹೂವಿನ ಬಂಗುಡೆ ಬಳ್ಳಿ, ಮುಳ್ಳುಮುಳ್ಳಾದ ರಾವಣನ ಮೀಸೆ, ಅದರ ಹಿಂದೆ ಕೇದಗೆಯ ಮೆಳೆ, ಆಮೇಲೆ ಗಾಳಿಮರಗಳ ಸಾಲು. ಉಪ್ಪುಗಾಳಿ, ಸುಡುವ ಮರಳು ಎರಡನ್ನೂ ತಾಳಿಕೊಂಡು ದಿಬ್ಬದ ಮರಳು ಹಾರಿಹೋಗದಂತೆ ಹಿಡಿದಿರುವುದು ಈ ಬಳ್ಳಿ, ಹುಲ್ಲುಗಳೇ. “ನಮ್ಮ ಹೊಲದ ಒಡ್ಡಿನ ಮ್ಯಾಲಿನ ಕರಿಕಿ ಇದ್ದಂಗ” ಎಂದರು ಬೀಗರು. ಬೀಚು ಚೊಕ್ಕಟ ಮಾಡುವ ಹೆಸರಿನಲ್ಲಿ ಇವನ್ನು ಕಿತ್ತೆಸೆದ ಕಡೆಯೆಲ್ಲ ಮಳೆಗಾಲದ ಅಲೆ ದಿಬ್ಬವನ್ನೇ ಕೊರೆಯುತ್ತದೆ.

ಎರೆಹೊಲದಿಂದ ಬಂದರಿಗೆ

ಬಾಡದಿಂದ ಹಿಂತಿರುಗಿ ನೋಡಿದರೆ ತೆಂಕಣಕ್ಕೆ ಕುಮಟಾದ ಗುಡ್ಡದ ಮೂಗು ಕಡಲಿಗೆ ಚಾಚಿರುವುದು ಕಾಣುತ್ತದೆ. ಅದರ ಮರೆಯಲ್ಲಿದ್ದ ಹಳೆಯ ಬಂದರಿನ ಸುದ್ದಿ ತೆಗೆದೆ. ಬೀಗರು ನಿಂತೇಬಿಟ್ಟರು. “ಅಲ್ರಿ ಬೀಗರ, ನಮ್ಮಜ್ಜ ಹತ್ತಿಗೆ ಕುಮಟಾ ಹತ್ತಿ ಅಂತಿದ್ದ. ಕುಮಟಾದಾಗ ಹತ್ತಿ ಎಲ್ಲಿ ಬೆಳೀತೀರಿ ನೀವು?”

ಬೆಳೆಯುವುದಿಲ್ಲ, ಹಡಗಿಗೆ ತುಂಬಿಸುತ್ತಿದ್ದೆವು. ಧಾರವಾಡ, ಗದಗ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು; ಇಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೆ. ಹೊರಟ ಬಂದರಿನ ಹೆಸರೇ ಪೇಟೆಯಲ್ಲಿ ಹತ್ತಿಗೆ ಅಂಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಲ್ಯಾಂಕಶೈರ್‌ಗೆ ಹೋಗುವುದು ನಿಂತಿತು, ನಮ್ಮ ಕಡೆಯ ಹತ್ತಿಗೆ ಎಂದೂ ಕಾಣದ ದರ ಬಂತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಹಿತವಿತ್ತು. 1880ರ ದಶಕದ ಕೊನೆಗೆ ರೈಲು ಹುಬ್ಬಳ್ಳಿ ಸೀಮೆಯನ್ನು ಗೋವಾದ ಮುರ್ಮಗೋವಾ ಬಂದರಿಗೆ ಜೋಡಿಸಿದ ಮೇಲೆ ಗಾಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು, ಕುಮಟೆಯ ಬಂದರು ಸೊರಗಿತು.

“ಹಂಗಾರ ನಮ್ಮ ನಂಟಸ್ತನ ಈಗಿಂದಲ್ಲ ಬಿಡ್ರಿ” ಎಂದು ಬೀಗರು ಮತ್ತೆ ಹೆಜ್ಜೆ ಹಾಕಿದರು.

ಹೊಳೆ ದಾಟುವಲ್ಲಿ

ಕಾಗಾಲದ ಉದ್ದನೆಯ ದಂಡೆಗೆ ಈಗ ನಿರ್ವಾಣ ಬೀಚ್ ಎಂಬ ಹೆಸರು ಬಂದಿದೆ. ಅದು ಮುಗಿದಲ್ಲಿ ಗುಡ್ಡ ಹತ್ತಿ ಇಳಿದರೆ ಅಘನಾಶಿನಿ ಊರು, ಮುಂದೆ ಅದೇ ಹೆಸರಿನ ನದಿ. ಅಳಿವೆಯ ಅಗಲ ನೋಡಿ ಬೀಗರು ಇದೂ ಸಮುದ್ರವೇ ಎಂದುಕೊಂಡಿದ್ದರು. ಆಚೆ ದಡದ ತದಡಿಗೆ ದಾಟಿಸಲು ಬಾರ್ಜ್ ಇದೆ. ಜನ, ಬೈಕು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ.

ಈ ನದಿ ಹುಟ್ಟುವುದು ಶಿರಸಿಯಲ್ಲಿ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಣಿವೆ ಹಿಡಿದು, ಮಿರ್ಜಾನ್ ಕೋಟೆಯ ಮಗ್ಗುಲಲ್ಲಿ ಹಾದು ಇಲ್ಲಿಗೆ ಬರುತ್ತದೆ. ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಕಾಡಿನ ಎಲೆಗೊಬ್ಬರ, ಮಣ್ಣು, ಸಿಹಿನೀರು ತಡೆಯಿಲ್ಲದೆ ಇಳಿದು ಕಡಲ ಉಪ್ಪಿನೊಡನೆ ಬೆರೆಯುವುದರಿಂದಲೇ ಈ ಅಳಿವೆ ಇಷ್ಟು ಫಲವತ್ತು. ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ಮುಳುಗೆದ್ದು ಬಳಚು ಹೆಕ್ಕುವವರನ್ನು ಇಲ್ಲಿ ನೋಡಬಹುದು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ದಡದ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ. ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ಮುಳುಗಿದರೂ ತಡೆದುಕೊಳ್ಳುವ ತಳಿ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಶೆಟ್ಲಿ, ಮೀನು.

2024ರ ಜನವರಿ ಕೊನೆಗೆ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗುನೆಲಗಳನ್ನು ಗುರುತಿಸುವ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು ಎಂದೆ. ಬೀಗರು ಥಟ್ಟನೆ, “ನಮ್ಮ ಮಾಗಡಿ ಕೆರಿನೂ ಅದರಾಗ ಐತ್ರಿ” ಎಂದರು. ನಿಜ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಆ ಮನ್ನಣೆ ಸಿಕ್ಕಿದ್ದು ಅಂದೇ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅವರ ಸುತ್ತಿನ ಹೊಲಗಳಲ್ಲಿ ಮೇಯುತ್ತವೆ. ಬೆಳೆ ತಿನ್ನುವ ಹಕ್ಕಿಯನ್ನು ಓಡಿಸದೆ ಇರಗೊಡುವ ಕಷ್ಟ ಅವರಿಗೆ ಗೊತ್ತು.

ತದಡಿಯ ಮೀನುಗಾರಿಕಾ ಬಂದರಿನಲ್ಲಿ ಇಳಿದು, ಚಹಾ ಕುಡಿಯುತ್ತ, ಇಲ್ಲಿಗೆ ಬರಲಿದ್ದ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಮಾತು ಬಂತು. ಜನ ಎದ್ದು ನಿಂತಿದ್ದರಿಂದ ಅದು ಕೈಬಿಟ್ಟುಹೋಯಿತು. ಆಮೇಲೆ ದೊಡ್ಡ ಬಂದರಿನ ಪ್ರಸ್ತಾಪಗಳು ಬಂದವು. ಕರೆಂಟಿಗಾಗಿ ರಾತ್ರಿ ಪಂಪ್‌ಸೆಟ್ ಕಾಯ್ದ ರೈತ ಇದಕ್ಕೇನೆನ್ನುತ್ತಾರೋ ಎಂದು ನನಗೆ ಕುತೂಹಲ. ಬೀಗರು 2011ರಲ್ಲಿ ತಮ್ಮ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ರೈತರು ನೆಲ ಕೊಡುವುದಿಲ್ಲ ಎಂದದ್ದನ್ನು ನೆನೆದರು. “ಕರೆಂಟು ಬೇಕ್ರಿ. ಆದ್ರ ಬ್ಯಾರೆ ಕಡೆ ಮಾಡಾಕ ಬರತೈತಿ. ಈ ಹೊಳಿ ಬಾಯಿ ಬ್ಯಾರೆ ಕಡೆ ಮಾಡಾಕ ಬರತೈತೇನು?” ಆ ಹೋಟೆಲಿನಲ್ಲಿ ಕೂತಿದ್ದ ಇಬ್ಬರು ಅವರತ್ತ ತಿರುಗಿ ನೋಡಿದರು.

ತೊಳೆದುಹೋದ ನೆಲ

ತದಡಿಯಿಂದ ಬೇಲೆಕಾನ್, ಅಲ್ಲಿಂದ ಗುಡ್ಡದ ಅಂಚು. ಇನ್ನು ಮುಂದೆ ಹೆಸರುವಾಸಿ ಬೀಚುಗಳು. ಕಡಲಿಗೆ ಚಾಚಿದ ಒಂದೊಂದು ಗುಡ್ಡದ ಎರಡು ಬದಿಗೂ ಮರಳಿನ ಒಂದೊಂದು ಕೊಲ್ಲಿ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಹಾಫ್ ಮೂನ್‌ನಿಂದ ಓಂ ಕಡೆಗಿನ ಇಕ್ಕಟ್ಟಾದ ಕಾಲುದಾರಿಯಲ್ಲಿ ಎಡಕ್ಕೆ ನೇರ ಕೆಳಗೆ ಕರಿಬಂಡೆ ಮತ್ತು ನೊರೆ. ಓಂ ಬೀಚಿನ ಎರಡು ಬಿಲ್ಲುಗಳನ್ನು ಮೇಲಿನಿಂದ ನೋಡುವುದೇ ಚೆಂದ. ಕೆಳಗಿಳಿದರೆ ಬನಾನಾ ಬೋಟು, ಗದ್ದಲ.

ಗುಡ್ಡದ ನೆತ್ತಿಯೆಲ್ಲ ಚಿರೆಕಲ್ಲು. ಕೆಂಪಗೆ, ತೂತುತೂತಾಗಿ, ಬೇಸಿಗೆಯಲ್ಲಿ ಸುಡುವ ಹಾಸು. 1801ರಲ್ಲಿ ಈ ದಾರಿಯಲ್ಲಿ ಕುಮಟಾ, ಗೋಕರ್ಣಗಳನ್ನು ಹಾದುಹೋದ ಫ್ರಾನ್ಸಿಸ್ ಬುಕನನ್, ಮಲಬಾರಿನಲ್ಲಿ ಕಂಡ ಇದೇ ಜಾತಿಯ ಕಲ್ಲಿಗೆ 1807ರ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಬೀಗರು ಒಂದು ಚೂರು ಕೆದಕಿ ಬೆರಳಲ್ಲಿ ತಿಕ್ಕಿದರು. “ಇದರಾಗ ಏನು ಬೆಳೀತೈತ್ರಿ?” ಮಳೆಗಾಲಕ್ಕೆ ಹುಲ್ಲು, ಮಣ್ಣು ನಿಂತಲ್ಲಿ ಗೇರು. ಗದಗಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಇಲ್ಲಿ 3,000 ಮಿ.ಮೀ. ಮೀರುತ್ತದೆ. ಇಷ್ಟು ಮಳೆ ಲಕ್ಷಾಂತರ ವರ್ಷ ಸುರಿದು ಕಲ್ಲಿನೊಳಗಿನ ಸುಣ್ಣ, ಸಿಲಿಕಗಳನ್ನೆಲ್ಲ ತೊಳೆದು ಒಯ್ದು, ಕಬ್ಬಿಣ, ಅಲ್ಯೂಮಿನಿಯಂಗಳನ್ನಷ್ಟೇ ಉಳಿಸಿದೆ. ಅವರ ಸೀಮೆಯಲ್ಲಿ ಮಳೆ ಕಡಿಮೆ, ಹಾಗಾಗಿ ಎರೆಮಣ್ಣಿನ ಸತ್ವ ನೆಲದಲ್ಲೇ ನಿಂತಿತು. ಮಳೆಯಿಲ್ಲವೆಂದು ಗೋಳಾಡುವ ಊರಿಗೆ ಹತ್ತಿ ಬೆಳೆಯುವ ಮಣ್ಣು ಸಿಕ್ಕಿತು, ಮಳೆ ಹೆಚ್ಚಾಯಿತೆಂದು ಗೊಣಗುವ ಊರಿಗೆ ಮನೆ ಕಟ್ಟುವ ಕಲ್ಲು.

ಕುಡ್ಲೆ ದಾಟಿ ಗೋಕರ್ಣದ ರಥಬೀದಿಗೆ ಬಂದಾಗ ಇನ್ನೂ ಬಿಸಿಲಿತ್ತು. ದೇವರ ದರ್ಶನ ಮುಗಿಸಿ ಹತ್ತಿದ ಬಸ್ಸು ಸಾಣಿಕಟ್ಟೆಯ ಉಪ್ಪಿನಾಗರದ ಪಕ್ಕದಲ್ಲೇ ಹಾದುಹೋಯಿತು. ಬಯಲಿನ ಪಾತಿಗಳಲ್ಲಿ ಅಳಿವೆಯ ನೀರು ನಿಲ್ಲಿಸಿ, ಬಿಸಿಲಿಗೆ ಆರಿಸಿ ತೆಗೆಯುವ ಕಂದುಬಣ್ಣದ ಹರಳುಪ್ಪು. ಹತ್ತಿ ಇಳಿದ ಘಟ್ಟವನ್ನು ಈ ಕರಾವಳಿಯ ಉಪ್ಪು ಹತ್ತುತ್ತಿತ್ತು. ಬೀಗರು ಊರಿಗೆ ಒಯ್ದದ್ದೂ ಅದನ್ನೇ, ಒಂದು ಚೀಲ.

ಹೋಗುವವರಿಗೆ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಾಡದಿಂದ ಗೋಕರ್ಣಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು. ಕುಮಟೆಯಿಂದ ಬಾಡಕ್ಕೆ ಆಟೊ ಸಿಗುತ್ತದೆ. ನೀರು, ಟೊಪ್ಪಿಗೆ, ಜಾರದ ಚಪ್ಪಲಿ ಇರಲಿ. ಗುಡ್ಡದ ಮೇಲೆ ನೆರಳು ಕಡಿಮೆ. ಬಾರ್ಜಿನ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿ. ಕಡಲಿಗೆ ಇಳಿಯುವುದಾದರೆ ಜೀವರಕ್ಷಕರಿರುವ ಕಡೆ ಮಾತ್ರ. ಬಂಡೆಗಳ ಮಗ್ಗುಲಲ್ಲಿ ಒಳಸೆಳೆತ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಯೋಚನೆಯೇ ಬೇಡ. ಸಮಯ ಸಾಲದೆ ಏನಾದರೂ ಬಿಡಬೇಕಾಗಿ ಬಂದರೆ ಒಂದೆರಡು ಬೀಚು ಬಿಡಿ, ಹೊಳೆ ದಾಟುವುದನ್ನು ಬಿಡಬೇಡಿ.