ಆರು ಚೇಂಬರ್, ಒಂದೇ ಅಡಚಣೆ

ಹಲ್ಲುಚಕ್ರವನ್ನು ಒಂದೇ ದಿಕ್ಕಿಗೆ ಒಂದೊಂದು ಹೆಜ್ಜೆ ತಳ್ಳುವ ರ್‍ಯಾಚೆಟ್ ಮತ್ತು ಪಾಲ್ ಜೋಡಿಯ ಚಿತ್ರ ಬರೆದು ನಾವು ಅಂಕ ಗಳಿಸುತ್ತೇವೆ. ಆ ಜೋಡಿ ಕೈಕೊಟ್ಟರೆ ದೋಷ ಹುಡುಕುವುದು ಹೇಗೆ? ಅದನ್ನು ನಾನು ಕಲಿತದ್ದು ಒಂದು ಹಳೆಯ ರಿವಾಲ್ವರ್ ನೋಡಿ.

ನಮ್ಮ ಅಂತರಘಟ್ಟೆಯ ನಿವೃತ್ತ ಸೈನಿಕರೊಬ್ಬರ ಬಳಿ ಪರವಾನಗಿ ಇರುವ, ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಅದರ ಟ್ರಿಗರ್ ಬಿಗಿಯಾಗಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಹಾಗಾಗಿ ಅಂತಹ ಅಂಗಡಿಗೆ ಹೊರಟ ಅವರ ಜೊತೆ ನಾನೂ ಹೋದೆ.

ಸ್ಯಾಮುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕಾಲದಿಂದ ರಿವಾಲ್ವರಿನ ಮೂಲ ತತ್ವ ಹೆಚ್ಚು ಬದಲಾಗಿಲ್ಲ. ಟ್ರಿಗರ್ ಎಳೆದಾಗ ಒಳಗಿನ ಪಾಲ್, ಸಿಲಿಂಡರಿನ ಹಿಂಬದಿಯ ಹಲ್ಲನ್ನು ತಳ್ಳುತ್ತದೆ. ಸಿಲಿಂಡರ್ ಆರನೇ ಒಂದು ಸುತ್ತು ತಿರುಗುತ್ತದೆ. ಚೇಂಬರ್ ನಳಿಗೆಯ ನೇರಕ್ಕೆ ಬಂದಾಗ ಒಂದು ತಡೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆಯೇ ಹ್ಯಾಮರ್ ಬೀಳಬೇಕು. ಈ ಕ್ರಮ ತಪ್ಪಿ, ಚೇಂಬರ್ ನೇರವಾಗುವ ಮೊದಲೇ ಹ್ಯಾಮರ್ ಬಿದ್ದರೆ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಹಿಡಿದವರಿಗೂ ಅಪಾಯ, ಪಕ್ಕದಲ್ಲಿದ್ದವರಿಗೂ ಅಪಾಯ.

ಅಂಗಡಿಯ ಹಿರಿಯರು ಮೊದಲು ಅದನ್ನು ತೆರೆದು, ಖಾಲಿ ಇದೆಯೆಂದು ಎರಡು ಸಲ ನೋಡಿದರು. ಆಮೇಲೆ ಒಂದು ಚೇಂಬರಿನ ಮೇಲೆ ಪೆನ್ನಿನಿಂದ ಗುರುತು ಹಾಕಿ ನಿಧಾನಕ್ಕೆ ಟ್ರಿಗರ್ ಎಳೆಯುತ್ತಾ ಎಣಿಸತೊಡಗಿದರು. ಗುರುತಿನ ಚೇಂಬರ್ ಬಂದಾಗ ಮಾತ್ರ ಬಿಗಿ, ಉಳಿದ ಐದರಲ್ಲಿ ಸಲೀಸು.

“ಎಲ್ಲಾ ಕಡೆ ಬಿಗಿ ಇದ್ರೆ ಸ್ಪ್ರಿಂಗೋ, ಒಣಗಿದ ಗ್ರೀಸೋ ಅನ್ಬೋದು. ಒಂದೇ ಕಡೆ ಅಂದ್ರೆ ತಿರುಗೋ ಭಾಗದಲ್ಲೇ ನೋಡ್ಬೇಕು ಕಣಪ್ಪ” ಎಂದರು.

ಪಾಲ್ ಒಂದೇ, ಸ್ಪ್ರಿಂಗ್ ಒಂದೇ. ಅವು ಆರೂ ಚೇಂಬರಿಗೆ ದುಡಿಯುತ್ತವೆ. ಅವುಗಳಲ್ಲಿ ದೋಷವಿದ್ದರೆ ಆರು ಸಲವೂ ಕಾಣಬೇಕಿತ್ತು. ಖಾಲಿ ತೋಟಾಗಳನ್ನು ಹೊರತಳ್ಳುವ ನಕ್ಷತ್ರಾಕಾರದ ಬಿಲ್ಲೆಯನ್ನು ಅವರು ಎತ್ತಿದರು. ಅದರ ಒಂದು ತೋಳಿನ ಕೆಳಗೆ ಮದ್ದಿನ ಮಸಿ ಹಳೆಯ ಎಣ್ಣೆಯೊಂದಿಗೆ ಗಟ್ಟಿಯಾಗಿ ಕೂತಿತ್ತು. ಬಿಲ್ಲೆ ಓರೆಯಾಗಿ, ಪ್ರತಿ ಸುತ್ತಿಗೆ ಒಮ್ಮೆ ಉಜ್ಜುತ್ತಿತ್ತು. ಬ್ರಶ್ ಹಾಕಿ ಒರೆಸಿದ ಮೇಲೆ ಆರೂ ಕಡೆ ಒಂದೇ ಹದ. ಆಮೇಲೆ ಹ್ಯಾಮರ್ ಬೀಳುವ ಹೊತ್ತಿಗೆ ಸಿಲಿಂಡರ್ ಅಲುಗದೆ ನಿಲ್ಲುತ್ತದೆಯೇ ಎಂದು ಪ್ರತಿ ಚೇಂಬರಿನಲ್ಲೂ ಪರೀಕ್ಷಿಸಿಯೇ ಕೊಟ್ಟರು. ಬಿಗಿ ಕಂಡ ತಕ್ಷಣ ಯಾರಾದರೂ ಹಲ್ಲಿಗೆ ಅರ ಹಾಕಿದ್ದರೆ, ಸುಮ್ಮನೆ ಕೊಳೆಯಾಗಿದ್ದ ಆಯುಧ ನಿಜವಾಗಿಯೂ ಕೆಡುತ್ತಿತ್ತು.

ಈ ಎಣಿಕೆ ಬಂದೂಕಿಗಷ್ಟೇ ಸೀಮಿತವಲ್ಲ. ಸೈಕಲ್ಲಿನ ‘ಟಕ್’ ಸದ್ದು ಪೆಡಲಿನ ಸುತ್ತಿಗೆ ಒಮ್ಮೆ ಬಂದರೆ ಪೆಡಲಿನ ಕಡೆ ನೋಡಬೇಕು, ಚಕ್ರದ ಸುತ್ತಿಗೆ ಒಮ್ಮೆ ಬಂದರೆ ಚಕ್ರದ ಕಡೆ. ಕಾರ್ಖಾನೆಗಳಲ್ಲಿ ಕಂಪನ ಅಳೆದು ಯಂತ್ರದ ದೋಷ ಹುಡುಕುವವರದೂ ಇದೇ ದಾರಿ. ನಿಮಿಷಕ್ಕೆ 1,500 ಸುತ್ತು ತಿರುಗುವ ಮೋಟರ್ ಸೆಕೆಂಡಿಗೆ 25 ಬಾರಿ ನಡುಗುತ್ತಿದ್ದರೆ, ಅವರ ಮೊದಲ ಅನುಮಾನ ತಿರುಗುವ ಭಾಗದ ತೂಕದ ಅಸಮತೋಲನದ ಮೇಲೆ.

ಸಂದರ್ಶನದಲ್ಲಿ “ಯಂತ್ರ ನಿಂತಿದೆ, ಏನು ಮಾಡ್ತೀರಿ?” ಎಂದು ಕೇಳಿದರೆ ನಮ್ಮಲ್ಲಿ ಹಲವರು ಬದಲಿಸಬೇಕಾದ ಬಿಡಿಭಾಗಗಳ ಪಟ್ಟಿ ಹೇಳಲು ಶುರುಮಾಡುತ್ತೇವೆ. ಅದಕ್ಕಿಂತ ಮೊದಲು ದೋಷ ಯಾವಾಗ ಬರುತ್ತದೆ, ಎಷ್ಟು ಸುತ್ತಿಗೊಮ್ಮೆ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಕೇಳಿ ನೋಡಿ. ಸ್ಪ್ಯಾನರ್ ಆಮೇಲೆ ಹಿಡಿದರಾಯಿತು.