ಯಂತ್ರಕ್ಕೆ ಸಹಾಯಧನ, ಕಣ್ಣಿಗೆ ಯಾರು ಹೊಣೆ?

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹಾದಿಯಲ್ಲಿರುವ ಮೇಗರವಳ್ಳಿಯ ಹೆಸರು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಅಪರಿಚಿತವಲ್ಲ. ಆ ಕಾದಂಬರಿ ಚಿತ್ರಿಸುವ ಕಾಲದಲ್ಲಿ ಈ ಸೀಮೆಯ ತೋಟಗಳ ಕಳೆ ತೆಗೆಯುತ್ತಿದ್ದವರು ಕತ್ತಿ ಹಿಡಿದ ಆಳುಗಳು. ಇಂದು ಮಳೆ ಹೊಳವಾದ ದಿನ ಮೇಗರವಳ್ಳಿಯಿಂದ ಹೊಸನಗರ, ಸಾಗರದವರೆಗೆ ಅಡಿಕೆ ತೋಟಗಳಿಂದ ಕೇಳಿಬರುವುದು ಪೆಟ್ರೋಲ್ ಎಂಜಿನ್ನಿನ ಸದ್ದು. ಕಂಪನಿಗಳು ಬ್ರಷ್ ಕಟರ್ ಎಂದು ಮಾರುವ ಈ ಯಂತ್ರವನ್ನು ಊರಿನವರು ‘ಕಳೆ ಹೊಡೆಯುವ ಮೆಷಿನ್’ ಎನ್ನುತ್ತಾರೆ.

ಈ ಬದಲಾವಣೆಗೆ ಕಾರಣಗಳು ಸ್ಪಷ್ಟವಾಗಿವೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಕಳೆ ಬೆಳೆಯುವ ವೇಗಕ್ಕೆ ಕತ್ತಿ ಸಾಟಿಯಾಗದು. ದುಡಿಯುವ ಕೈಗಳು ಶಿವಮೊಗ್ಗ, ಬೆಂಗಳೂರು ಸೇರಿವೆ. ಹಲವು ಆಳುಗಳ ಕೆಲಸವನ್ನು ಒಬ್ಬನೇ ಮುಗಿಸುವ ಯಂತ್ರ ಇಂಥಲ್ಲಿ ವಿಲಾಸದ ವಸ್ತುವಾಗದೆ ಅನಿವಾರ್ಯವಾಗುತ್ತದೆ. ಕಳೆನಾಶಕ ಸಿಂಪಡಿಸಿ ಮಣ್ಣು ನೀರುಗಳನ್ನು ಕೆಡಿಸುವುದಕ್ಕಿಂತ ಇದು ಮೇಲು ಎಂಬುದರಲ್ಲಿಯೂ ಅನುಮಾನವಿಲ್ಲ. ಆದುದರಿಂದ ನನ್ನ ಆಕ್ಷೇಪ ಯಂತ್ರದ ಮೇಲಲ್ಲ. ಅದನ್ನು ಹಳ್ಳಿಗೆ ತಲುಪಿಸಿದ ರೀತಿಯ ಮೇಲೆ.

ನೋಡಲು ಸಾಧುವಾದ ಈ ಯಂತ್ರದ ಅಲಗು ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಸಿಡಿಯುವ ಒಂದು ಜಂಬಿಟ್ಟಿಗೆ ಚೂರು ಕಣ್ಣನ್ನು ಶಾಶ್ವತವಾಗಿ ಕಿತ್ತುಕೊಳ್ಳಲು ಸಾಕು. ಹುಲ್ಲಿನಲ್ಲಿ ಅಡಗಿದ ಕಲ್ಲು ಅಥವಾ ಕಡಿದ ಗಿಡದ ಬುಡಕ್ಕೆ ಅಲಗಿನ ಮುಂಭಾಗದ ಬಲಬದಿ ತಾಗಿದರೆ ಇಡೀ ದಂಡ ಹಠಾತ್ತನೆ ಪಕ್ಕಕ್ಕೆ ಚಿಮ್ಮುತ್ತದೆ. ಆಗ ಜಾರುವ ನೆಲದಲ್ಲಿ ನಿಂತವನ ಹತೋಟಿ ತಪ್ಪುತ್ತದೆ. ಎಂಜಿನ್ನಿನ ಸದ್ದಿನಲ್ಲಿ, ಹಿಂದಿನಿಂದ ಚಹಾ ಹಿಡಿದು ಬಂದವರ ಕೂಗು ಅವನಿಗೆ ಕೇಳುವುದಿಲ್ಲ. ಅವನು ತಿರುಗಿದರೆ ಅವನೊಡನೆ ಅಲಗೂ ತಿರುಗುತ್ತದೆ.

ಇದನ್ನು ತಪ್ಪಿಸುವ ಕ್ರಮಗಳು ಕಠಿಣವೇನಲ್ಲ. ಕೆಲಸಕ್ಕೆ ಮೊದಲು ತೋಟ ಸುತ್ತಿ ಕಲ್ಲು, ತಂತಿ, ಬಿದ್ದ ಸೋಗೆಗಳನ್ನು ತೆಗೆಯಬೇಕು. ಮುಖಕ್ಕೆ ಜಾಲರಿಯ ಕವಚ, ಅದರೊಳಗೆ ಕನ್ನಡಕ, ಕಿವಿಗೆ ರಕ್ಷಣೆ, ಕಾಲಿಗೆ ಗಟ್ಟಿ ಬೂಟು ಇರಬೇಕು. ಹೆಗಲಪಟ್ಟಿಯನ್ನು ದೇಹಕ್ಕೆ ಸರಿಯಾಗಿ ಹೊಂದಿಸಬೇಕು. ಸುತ್ತ 15 ಮೀಟರ್ ಒಳಗೆ ಯಾರೂ ಇರಕೂಡದು. ಮಾತನಾಡಬೇಕಾದವರು ಎದುರಿನಿಂದ, ಕಣ್ಣಿಗೆ ಬೀಳುವಂತೆ ದೂರದಲ್ಲಿ ನಿಂತು, ಎಂಜಿನ್ ನಿಲ್ಲಿಸಿದ ಮೇಲೆ ಹತ್ತಿರ ಬರಬೇಕು. ಮೇಲಿನಿಂದ ನೋಡಿದಾಗ ಅಲಗು ಸಾಮಾನ್ಯವಾಗಿ ಎಡಸುತ್ತು ತಿರುಗುವುದರಿಂದ ಬಲದಿಂದ ಎಡಕ್ಕೆ ಬೀಸಿ ಕತ್ತರಿಸುವುದು ಕ್ಷೇಮ. ನೈಲಾನ್ ದಾರ ಹಾಕುವಲ್ಲಿ ಕಬ್ಬಿಣದ ತಂತಿ ಕಟ್ಟುವುದು ಎಂದಿಗೂ ಸಲ್ಲದು. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ. ಎಂಜಿನ್ ಆರಿಸಿ, ತಣಿಯಲು ಬಿಟ್ಟ ನಂತರವೇ ಪೆಟ್ರೋಲ್ ತುಂಬಬೇಕು. ತುಂಬಿದ ಜಾಗದಿಂದ ಕೆಲವು ಹೆಜ್ಜೆ ದೂರ ಸರಿದು ಚಾಲೂ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಲಗಿಗೆ ಬಳ್ಳಿ ಸುತ್ತಿಕೊಂಡಾಗ ಕೈ ಹಾಕುವ ಮುನ್ನ ಎಂಜಿನ್ ನಿಲ್ಲಿಸಬೇಕು, ಅಲಗು ನಿಲ್ಲುವವರೆಗೆ ಕಾಯಬೇಕು, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಬೇಕು. ಈ ಪಾಠ ಮಲೆನಾಡಿಗಷ್ಟೇ ಸಂಬಂಧಿಸಿದ್ದಲ್ಲ. ಅಮೆರಿಕದ ಉತ್ತರ ಭಾಗದಲ್ಲಿ ನೆಲೆಸಿದ ನಮ್ಮ ಮಕ್ಕಳು ಚಳಿಗಾಲದಲ್ಲಿ ಮನೆಯ ಮುಂದಿನ ಹಿಮವನ್ನು ಪೆಟ್ರೋಲ್ ಯಂತ್ರದಿಂದ ಎತ್ತಿ ಎಸೆಯುತ್ತಾರೆ. ಒದ್ದೆ ಹಿಮ ಯಂತ್ರದ ಕೊಳವೆಯಲ್ಲಿ ಕಟ್ಟಿಕೊಂಡಾಗ ಅದನ್ನು ಕೈಯಿಂದ ಬಿಡಿಸಲು ಹೋಗಿ ಬೆರಳು ಕಳೆದುಕೊಳ್ಳುವುದು ಅಲ್ಲಿನ ವೈದ್ಯರಿಗೆ ಚಿರಪರಿಚಿತ ಗಾಯ. ಎಂಜಿನ್ ಆರಿದರೂ ಸಿಕ್ಕಿಕೊಂಡ ಅಲಗಿನಲ್ಲಿ ಬಿಗಿತ ಉಳಿದಿರಬಹುದು. ಅಡ್ಡಿ ಸರಿದೊಡನೆ ಅದು ಒಮ್ಮೆ ತಿರುಗಿಬಿಡುತ್ತದೆ. ಅದಕ್ಕೆಂದೇ ಆ ಯಂತ್ರಗಳೊಡನೆ ಹಿಮ ಬಿಡಿಸುವ ಕೋಲನ್ನೂ ಕೊಡುತ್ತಾರೆ. ಹಿಮವಿರಲಿ, ಹುಲ್ಲಿರಲಿ, ಅವಸರದ ಕೈ ಮಾಡುವ ಕೆಲಸ ಒಂದೇ.

ಇಷ್ಟು ಸರಳ ಕ್ರಮಗಳು ಪಾಲನೆಯಾಗುವುದಿಲ್ಲವೇಕೆ? ಈ ಭಾಗದ ತೋಟಗಳಲ್ಲಿ ನಾನು ಕಂಡ ಹೆಚ್ಚಿನವರು ಲುಂಗಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ ಈ ಕೆಲಸ ಮಾಡುತ್ತಿದ್ದರು. ಹಲವು ಯಂತ್ರಗಳಲ್ಲಿ ಅಲಗಿನ ಮೇಲಿನ ರಕ್ಷಾ ಕವಚವನ್ನೇ ಬಿಚ್ಚಲಾಗಿತ್ತು. ಅದಿದ್ದರೆ ಹುಲ್ಲು ಸಿಕ್ಕಿಕೊಂಡು ಕೆಲಸ ಸಾಗುವುದಿಲ್ಲವೆಂಬುದು ಅವರ ಸಮಜಾಯಿಷಿ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆ ಲೆಕ್ಕಾಚಾರವಿದೆ. ಗಂಟೆಯ ಲೆಕ್ಕದಲ್ಲೋ ಗುತ್ತಿಗೆಯಲ್ಲೋ ದುಡಿಯುವವನಿಗೆ ಕವಚ ಕಳಚಿದ್ದರಿಂದ ಉಳಿಯುವ ಸಮಯ ಇಂದೇ ಕೈಗೆ ಬರುವ ಹಣ. ಅಪಾಯವಾದರೋ ಎಂದೋ ಒಂದು ದಿನ ಬರಬಹುದಾದದ್ದು. ಮಾಲೀಕನಿಗೆ ತೋಟ ಬೇಗ ಶುಚಿಯಾಗುತ್ತದೆ. ಮಾರಾಟಗಾರನಿಗೆ ಯಂತ್ರ ಮಾರಿದಲ್ಲಿಗೆ ವ್ಯವಹಾರ ಮುಗಿಯಿತು. ಲಾಭ ಎಲ್ಲರಿಗೂ ಹಂಚಿಹೋಗಿ ನಷ್ಟ ಒಬ್ಬನ ದೇಹಕ್ಕೆ ಸೇರುವ ಇಂಥ ವ್ಯವಸ್ಥೆಯಲ್ಲಿ ಮಾರುಕಟ್ಟೆ ತಾನಾಗಿ ಎಚ್ಚರಿಕೆಯನ್ನು ಉತ್ಪಾದಿಸುವುದಿಲ್ಲ ಎಂಬುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠ.

ಸರ್ಕಾರ ಪ್ರವೇಶಿಸಬೇಕಾದದ್ದು ಇಲ್ಲಿಯೇ. ಪ್ರವೇಶಿಸಿದೆ ಕೂಡ, ಆದರೆ ಅರ್ಧ ಮಾತ್ರ. 2014–15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ರೈತರ ವರ್ಗಕ್ಕೆ ಅನುಗುಣವಾಗಿ ಯಂತ್ರದ ಬೆಲೆಯ ಶೇ 40ರಿಂದ 50ರಷ್ಟು ಸಹಾಯಧನ ನಿಗದಿಯಾಯಿತು. ರಾಜ್ಯದ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ರೈತರಿಗೆ ಶೇ 90ರವರೆಗೂ ನೆರವು ದೊರೆತಿದೆ. ಉದ್ದೇಶ ಶ್ಲಾಘನೀಯ. ಆದರೆ ಸಹಾಯಧನವೆಂದರೆ ಬೆಲೆ ಇಳಿಸಿ ಬಳಕೆ ಹೆಚ್ಚಿಸುವ ಸಾಧನ. ಬಳಕೆ ಹೆಚ್ಚಿಸಿದವರು ಅದರೊಡನೆ ಹೆಚ್ಚುವ ಅಪಾಯಕ್ಕೂ ಉತ್ತರದಾಯಿಗಳಾಗಬೇಡವೇ?

ಇದಕ್ಕೆ ಪೂರ್ವನಿದರ್ಶನಗಳಿವೆ. ಹಸಿರು ಕ್ರಾಂತಿಯ ಬೆನ್ನಿಗೆ ಬಂದ ಒಕ್ಕಣೆ ಯಂತ್ರಗಳಿಗೆ ಉತ್ತರ ಭಾರತದಲ್ಲಿ ಅನೇಕ ಕೂಲಿಕಾರರು ಕೈ ಕಳೆದುಕೊಂಡರು. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆಯನ್ನು ರೂಪಿಸಿತು. ತಯಾರಕರ ಮೇಲೆ ನಿಯಂತ್ರಣ, ಗಾಯಗೊಂಡ ಕೂಲಿಕಾರರಿಗೆ ಪರಿಹಾರ ಎರಡೂ ಅದರಲ್ಲಿದ್ದವು. ಗ್ರಾಮೀಣ ಬಳಕೆಯ ಇತರ ಯಂತ್ರಗಳನ್ನು ಅಧಿಸೂಚನೆಯ ಮೂಲಕ ಸೇರಿಸುವುದಕ್ಕೂ ಅದು ದಾರಿ ತೆರೆದಿತ್ತು. ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ ನಿಯಮದಂತೆ, ತಳ್ಳಿಕೊಂಡು ಹೋಗುವ ಹುಲ್ಲು ಕತ್ತರಿಸುವ ಯಂತ್ರದ ಹಿಡಿಕೆ ಬಿಟ್ಟ 3 ಸೆಕೆಂಡುಗಳೊಳಗೆ ಅಲಗು ನಿಲ್ಲಲೇಬೇಕು. ಬಳಸುವವನಿಗೆ ಉಪದೇಶ ಮಾಡಿ ಸುಮ್ಮನಾಗದೆ, ಯಂತ್ರವನ್ನೇ ತಿದ್ದಿದ ಕ್ರಮವದು.

ನಮ್ಮಲ್ಲಿ ಈಗ ಆಗಬೇಕಾದುದಕ್ಕೆ ಹೊಸ ಇಲಾಖೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಮೊದಲನೆಯದಾಗಿ, ಮುಖ ಕವಚ, ಕನ್ನಡಕ, ಕಿವಿರಕ್ಷೆ, ಬೂಟುಗಳನ್ನು ಯಂತ್ರದ ಅವಿಭಾಜ್ಯ ಅಂಗವೆಂದು ಪರಿಗಣಿಸಿ, ಅವಿಲ್ಲದ ಬಿಲ್ಲಿಗೆ ಸಹಾಯಧನ ಮಂಜೂರು ಮಾಡಕೂಡದು. ಎರಡನೆಯದಾಗಿ, ಅರ್ಧ ದಿನದ ತರಬೇತಿ ಕಡ್ಡಾಯವಾಗಬೇಕು. ಅರ್ಜಿ ಹಾಕಿದ ಮಾಲೀಕನಿಗಷ್ಟೇ ಅಲ್ಲ, ಯಂತ್ರ ಹೊರುವ ಕೂಲಿಕಾರನಿಗೂ. ಶಿವಮೊಗ್ಗ ಜಿಲ್ಲೆಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಮೂರನೆಯದಾಗಿ, ಬಳಕೆಯ ಸೂಚನೆಗಳು ಕನ್ನಡದಲ್ಲಿ, ಚಿತ್ರಸಹಿತ ಇರಬೇಕು. ಸಣ್ಣ ಅಕ್ಷರದ ಇಂಗ್ಲಿಷ್ ಪುಸ್ತಿಕೆ ತೋಟದ ಮನೆಯ ಅಟ್ಟ ಸೇರುತ್ತದೆಯೇ ಹೊರತು ಓದುವವರ ಕೈ ಸೇರುವುದಿಲ್ಲ. ನಾಲ್ಕನೆಯದಾಗಿ, ಯಂತ್ರದೊಡನೆ ಅದನ್ನು ನಡೆಸುವವನಿಗೆ ಅಪಘಾತ ವಿಮೆಯೂ ಜೋಡಣೆಯಾಗಬೇಕು. ತೆಂಗಿನ ಮರ ಏರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ ರೂಪಿಸಿದ ‘ಕೇರಾ ಸುರಕ್ಷಾ’ ವಿಮೆ ಇದಕ್ಕೆ ಮಾದರಿಯಾಗಬಲ್ಲದು. ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಮನಸ್ಸು ಮಾಡಿದರೆ ಸರ್ಕಾರದ ಆದೇಶಕ್ಕೂ ಕಾಯಬೇಕಿಲ್ಲ.

ಎಷ್ಟು ಯಂತ್ರ ವಿತರಣೆಯಾಯಿತು, ಎಷ್ಟು ಅನುದಾನ ಖರ್ಚಾಯಿತು ಎಂಬ ಅಂಕಣಗಳು ಇಲಾಖೆಗಳ ಪ್ರಗತಿ ವರದಿಗಳಲ್ಲಿ ತಪ್ಪದೆ ಇರುತ್ತವೆ. ಆ ಯಂತ್ರಗಳಿಂದ ಎಷ್ಟು ಮಂದಿ ಗಾಯಗೊಂಡರು ಎಂಬ ಇನ್ನೊಂದು ಅಂಕಣವನ್ನೂ ಅದರ ಪಕ್ಕದಲ್ಲಿ ಸೇರಿಸುವುದು ಅಗತ್ಯ. ಬರೆಯಬೇಕಾದ ಅಂಕಣವಿದ್ದಲ್ಲಿ ವಿಚಾರಿಸುವವರೂ ಹುಟ್ಟಿಕೊಳ್ಳುತ್ತಾರೆ. ಆಡಳಿತದಲ್ಲಿ ಬಹುಕಾಲ ಕಳೆದ ನನಗೆ ಅಷ್ಟರಮಟ್ಟಿನ ನಂಬಿಕೆ ಉಳಿದಿದೆ.