28–28: ಅಮೆರಿಕದ ರಾಜ್ಯವಾಗದೆ ಉಳಿದ ದೇಶ

1870ರ ಜೂನ್ 30. ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ ಮತ ಎಣಿಸಿದಾಗ ಪರ 28, ವಿರೋಧ 28. ಒಪ್ಪಂದಕ್ಕೆ ಬೇಕಿದ್ದದ್ದು ಮೂರನೇ ಎರಡರಷ್ಟು ಬೆಂಬಲ. ಅದು ಸಿಕ್ಕಿದ್ದರೆ ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯ ಅಮೆರಿಕದ ಪಾಲಾಗುತ್ತಿತ್ತು; ಮುಂದೆ ಅದರದೊಂದು ರಾಜ್ಯವೂ ಆಗಬಹುದಿತ್ತು.

ದೇಶವನ್ನು ಒಪ್ಪಿಸಲು ಹೊರಟವರು ಅದರ ಅಧ್ಯಕ್ಷ ಬ್ಯೂನವೆಂತುರಾ ಬಾಯೆಸ್. ಅವರ ಬೊಕ್ಕಸ ಬರಿದಾಗಿತ್ತು, ಬಂಡಾಯ ಹೊಸಿಲಿಗೆ ಬಂದಿತ್ತು. ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅವರಿಗೆ ನೌಕಾಪಡೆಗಾಗಿ ಸಮಾನಾ ಕೊಲ್ಲಿ ಬೇಕಿತ್ತು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿ, ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಹಿಂಸೆಗೆ ಸಿಕ್ಕಿದ್ದ ಕಪ್ಪುಜನರಿಗೆ ಅಲ್ಲಿ ಆಸರೆ ಸಿಗಲೆಂಬ ಆಸೆಯೂ ಇತ್ತು. 1869ರ ನವೆಂಬರ್ 29ರಂದು ಸಹಿ ಬಿತ್ತು. ಸಾಲ ತೀರಿಸಲು ನಿಗದಿಯಾದದ್ದು 15 ಲಕ್ಷ ಡಾಲರ್. ನಂತರ ಬಾಯೆಸ್ ಜನಮತ ನಡೆಸಿದರು. ಪರ 15,169, ವಿರೋಧ 11 ಎಂಬ ಲೆಕ್ಕ ಹೊರಬಿತ್ತು. ಒಳಗೆ ಬಂಡಾಯ ಹೊಗೆಯಾಡುತ್ತಿದ್ದ ದೇಶದ ಮನಸ್ಸು ಆ ಲೆಕ್ಕದಲ್ಲಿತ್ತೆಂದು ನಂಬುವುದು ಕಷ್ಟ.

ಒಪ್ಪಂದಕ್ಕೆ ಅಡ್ಡ ನಿಂತವರಲ್ಲಿ ಎರಡು ಬಗೆ. ಗುಲಾಮಗಿರಿಯ ವಿರುದ್ಧ ಬದುಕು ಸವೆಸಿದ ಸೆನೆಟರ್ ಚಾರ್ಲ್ಸ್ ಸಮ್ನರ್, ಆ ದ್ವೀಪ ಅಲ್ಲಿನ ಕಪ್ಪುಜನರ ಕೈಯಲ್ಲೇ ಉಳಿಯಬೇಕೆಂದರು. ಕಾರ್ಲ್ ಷುರ್ಜ್‌ರಂಥ ಸೆನೆಟರುಗಳಿಗೆ ಉಷ್ಣವಲಯದ ಜನ ತಮ್ಮ ಸಮಾನ ಪ್ರಜೆಗಳಾಗುವುದೇ ಬೇಡವಾಗಿತ್ತು. ಒಬ್ಬರದು ಗೌರವ, ಇನ್ನೊಬ್ಬರದು ತಾತ್ಸಾರ. ಎರಡೂ ಸೇರಿ ಒಪ್ಪಂದವನ್ನು ಕೆಡವಿದವು. ಮರುವರ್ಷ ಗ್ರಾಂಟ್ ಕಳಿಸಿದ ಆಯೋಗದೊಂದಿಗೆ ದ್ವೀಪಕ್ಕೆ ಹೋಗಿಬಂದ ಫ್ರೆಡರಿಕ್ ಡಗ್ಲಸ್, ಒಂದು ಕಾಲದ ಗುಲಾಮ, ವಿಲೀನವನ್ನು ಬೆಂಬಲಿಸಿದರು. ಆದರೂ ಸೆನೆಟ್ ಮನಸ್ಸು ಬದಲಿಸಲಿಲ್ಲ.

ವಿಲೀನವಾಗಿದ್ದರೆ? ಪಕ್ಕದ ಪೋರ್ಟೊ ರಿಕೊ ನೋಡಬೇಕು. 1898ರಲ್ಲಿ ಅದು ಅಮೆರಿಕದ ವಶವಾಯಿತು, 1917ರಲ್ಲಿ ಜನರಿಗೆ ಪೌರತ್ವ ಬಂತು. ರಾಜ್ಯದ ಸ್ಥಾನ ಇನ್ನೂ ಬಂದಿಲ್ಲ; ದ್ವೀಪದಲ್ಲಿ ನೆಲೆಸಿದವರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಡೊಮಿನಿಕನ್ನರಿಗೂ ರಾಜ್ಯದ ಸ್ಥಾನದ ಬದಲು ಇಂಥದೇ ಕಾಯುವಿಕೆ ಸಿಗುತ್ತಿತ್ತೆಂದು ನನಗನಿಸುತ್ತದೆ. ವಿಲೀನ ತಪ್ಪಿದ ಮೇಲೂ 1916ರಿಂದ 1924ರವರೆಗೆ ಅಮೆರಿಕದ ಸೈನ್ಯ ಅಲ್ಲಿ ಆಳಿತು.

ಈ ಚರ್ಚೆಯಲ್ಲಿ ಬಿಟ್ಟುಹೋಗುವವರು ಡೊಮಿನಿಕನ್ನರೇ. 1861ರಲ್ಲಿ ಅವರದೇ ನಾಯಕ ಪೆದ್ರೊ ಸಂತಾನಾ ದೇಶವನ್ನು ಸ್ಪೇನಿಗೆ ಒಪ್ಪಿಸಿದ್ದರು. ಎರಡು ವರ್ಷ ಹೋರಾಡಿ 1865ರಲ್ಲಿ ಜನ ಸ್ಪೇನಿನವರನ್ನು ಓಡಿಸಿದರು. ಆ ಯುದ್ಧದ ವೀರ ಗ್ರೆಗೋರಿಯೊ ಲುಪೆರಾನ್ ಮುಂದೆ ಬಾಯೆಸ್ ವಿರುದ್ಧವೂ ಬಂಡೆದ್ದರು. ದೇಶ ಯಾರದಾಗಬೇಕೆಂಬ ಪ್ರಶ್ನೆಗೆ ಡೊಮಿನಿಕನ್ನರು ರಕ್ತ ಸುರಿಸಿ ಉತ್ತರ ಕೊಟ್ಟಾಗಿತ್ತು. ಸೆನೆಟ್ ಬೇರೆ ತೀರ್ಪು ಕೊಟ್ಟಿದ್ದರೆ ಅಮೆರಿಕಕ್ಕೆ ಸಿಗುತ್ತಿದ್ದದ್ದು ಹೊಸ ರಾಜ್ಯಕ್ಕಿಂತ ಮೊದಲು ಹೊಸದೊಂದು ಯುದ್ಧ.